ಕಾನೂನು ಬಂತಂತ್ರೀ! ಎಲ್ಲಿ ಬಂತು? ಏನು ಬಂತು?

ಹಾನಗಲ್ ಬಸ್ ನಿಲ್ದಾಣ. ಸಂಜೆ ಹೊತ್ತು. ಸಂತೆ ಚೀಲ ಕಾಲ ಬುಡಕ್ಕೆ ಇಟ್ಟುಕೊಂಡು ಹಳ್ಳಿ ಬಸ್ಸಿಗೆ ಕಾದು ಕೂತ ಹೆಣ್ಣುಮಕ್ಕಳ ನಡುವೆ 2025ರ ಫೆಬ್ರವರಿಯಲ್ಲಿ ಓಡಾಡಿದ ಮಾತು ಇಂಥದ್ದು:

"ಯಕ್ಕಾ, ಸಂಘದ ಸಾಲ ಎಲ್ಲಾ ಮನ್ನಾ ಆತಂತ ನೋಡಬೇ!"

"ಹೌದೇನ? ಯಾರಂದ್ರು?"

"ಮೊಬೈಲ್‌ನ್ಯಾಗ ಬಂದೈತಿ. ಸರಕಾರದವ್ರು ಕಾನೂನು ಮಾಡ್ಯಾರಂತ. ಇನ್ನ ಕಂತು ಕಟ್ಟೂದ ಬ್ಯಾಡಂತ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಈ ಮಾತು ಹಾನಗಲ್ಲಿಗೇ ಮೀಸಲಲ್ಲ. ಶಿಗ್ಗಾಂವದ ಚಹಾದ ಅಂಗಡಿ, ಸವಣೂರಿನ ಎಲೆ ಅಡಿಕೆ ಅಂಗಡಿ, ಹಿರೇಕೆರೂರಿನ ಗೊಬ್ಬರದ ಅಂಗಡಿ, ಎಲ್ಲಿ ನಾಲ್ಕು ಜನ ಕೂಡಿದರೂ ಅಲ್ಲೊಂದು ಹೊಸ ಕಾನೂನು ಹುಟ್ಟುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ್ದಕ್ಕಿಂತ ಬಸ್ ನಿಲ್ದಾಣದಲ್ಲಿ ಹುಟ್ಟಿದ ಕಾನೂನುಗಳೇ ಹೆಚ್ಚು ಎಂದರೂ ನಡೆದೀತು.

ಕಾನೂನು ಬಂದದ್ದು ಸುಳ್ಳಲ್ಲ. ಕೆಲವು ಸಾಲ ತೀರಿದಂತೆಯೇ ಎಂದು ಅದರಲ್ಲಿ ಬರೆದದ್ದೂ ಸುಳ್ಳಲ್ಲ. ಆದರೆ ಯಾರ ಸಾಲ, ಯಾವ ಸಾಲ? ಅಲ್ಲಿಯೇ ಇದೆ ಗುಟ್ಟು. ಅರ್ಧ ಮಾತು ಕೇಳಿ ಕಂತು ನಿಲ್ಲಿಸಿದವರ ಗತಿ ಏನು? ಮುಂದಿನ ವಾರ ಬಾಗಿಲಿಗೆ ಬಂದವನಿಗೆ ಮೊಬೈಲ್ ವಿಡಿಯೋ ತೋರಿಸಿದರೆ ಅವನು ಒಪ್ಪುತ್ತಾನೆಯೇ?

ಈ ಪ್ರಶ್ನೆಗೆ ಉತ್ತರ ಅದೇ ಮೊಬೈಲಿನಲ್ಲೇ ಇತ್ತು, ಇವತ್ತಿಗೂ ಇದೆ. ಆದರೆ ಅದು ಇದ್ದದ್ದು ವಾಟ್ಸಾಪ್ ಗುಂಪಿನಲ್ಲಲ್ಲ, ಸರಕಾರದ ರಾಜ್ಯಪತ್ರದಲ್ಲಿ.

ಮಾಂಗಲ್ಯದ ಟಪಾಲು

ಈ ಕಾನೂನಿನ ಹುಟ್ಟಿಗೆ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳ ಕಣ್ಣೀರೂ ಒಂದು ಕಾರಣ ಎಂಬುದನ್ನು ಮರೆಯುವಂತಿಲ್ಲ. 2025ರ ಜನವರಿಯಲ್ಲಿ ಕಿರುಸಾಲ ವಸೂಲಿಯ ಕಾಟಕ್ಕೆ ಬೇಸತ್ತ ಜಿಲ್ಲೆಯ ಮಹಿಳೆಯರು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಟಪಾಲು ಮಾಡಿದರು. ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದಲೂ ಮನೆಗೆ ಬೀಗ ಹಾಕಿದ, ಊರು ಬಿಟ್ಟು ಹೋದ, ಜೀವ ಕಳೆದುಕೊಂಡ ಸುದ್ದಿಗಳು ಒಂದರ ಹಿಂದೊಂದು ಬಂದವು. ಸರಕಾರ ಎದ್ದು ಕೂತಿತು.

ಆಗ ವಿಧಾನಮಂಡಲದ ಅಧಿವೇಶನ ನಡೆದಿರಲಿಲ್ಲ. ಅಧಿವೇಶನ ಇಲ್ಲದ ಹೊತ್ತಿನಲ್ಲಿ ತುರ್ತು ಬಿದ್ದರೆ ಸಂವಿಧಾನದ 213ನೇ ವಿಧಿಯ ಪ್ರಕಾರ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು. ಸಂಪುಟ ಕರಡು ಸಿದ್ಧ ಮಾಡಿ ರಾಜಭವನಕ್ಕೆ ಕಳಿಸಿತು. ಪತ್ರಿಕೆಗಳಲ್ಲಿ "ಸುಗ್ರೀವಾಜ್ಞೆ ಬಂತು" ಎಂದು ಸುದ್ದಿ. ಬಸ್ ನಿಲ್ದಾಣದಲ್ಲಿ "ಕಾನೂನು ಬಂತು" ಎಂದು ಸುದ್ದಿ.

ಬಂದಿತ್ತೇ? ಇಲ್ಲ! ಫೆಬ್ರವರಿ 7ರಂದು ರಾಜ್ಯಪಾಲ ಥಾವರಚಂದ್ ಗೆಹ್ಲೋತ್ ಆ ಕಡತವನ್ನು ವಾಪಸು ಕಳಿಸಿದರು. ಸಾಲದ ಮಿತಿ 3 ಲಕ್ಷ ರೂಪಾಯಿ, ದಂಡ 5 ಲಕ್ಷ ರೂಪಾಯಿ, ಇದು ಯಾವ ಲೆಕ್ಕ ಎಂಬುದು ಅವರ ಆಕ್ಷೇಪಗಳಲ್ಲೊಂದು. ಸರಕಾರ ಸಮಜಾಯಿಷಿ ಬರೆದು ಮತ್ತೆ ಕಳಿಸಿತು. ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿತ್ತು. ಆಮೇಲೆ ರಾಜ್ಯಪತ್ರದಲ್ಲಿ ಅಚ್ಚಾಯಿತು. ಅಲ್ಲಿಗೆ ಕಾನೂನು ಬಂತು. ಅದಕ್ಕೂ ಮೊದಲಿನದ್ದೆಲ್ಲ ಬರಿ ಸುದ್ದಿ.

ಅಲ್ಲಿಗೂ ಮುಗಿಯಲಿಲ್ಲ. ಸುಗ್ರೀವಾಜ್ಞೆಗೆ ಆಯುಷ್ಯ ಕಡಿಮೆ. ಸದನ ಮತ್ತೆ ಸೇರಿದ ಆರು ವಾರದೊಳಗೆ ಅದು ಮಸೂದೆಯಾಗಿ ಪಾಸಾಗದಿದ್ದರೆ ತಾನಾಗಿಯೇ ಸಾಯುತ್ತದೆ. ಮಾರ್ಚ್ 3ರಂದು ಬಜೆಟ್ ಅಧಿವೇಶನ ಶುರುವಾಯಿತು. ಅದೇ ತಿಂಗಳಲ್ಲಿ ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಮಸೂದೆ ಪಾಸಾಯಿತು. ಜನವರಿಯ ಕಣ್ಣೀರು ಮಾರ್ಚಿನಲ್ಲಿ ಸದನದ ಒಪ್ಪಿಗೆ ಪಡೆಯಿತು. ಸರಕಾರದ ಗಾಡಿ ಇಷ್ಟು ಲಗೂನ ಓಡುವುದು ಅಪರೂಪ ಎಂಬುದನ್ನು ಒಪ್ಪಲೇಬೇಕು.

ಕಾಗದದೊಳಗೆ ಏನಿತ್ತು?

ಸಾಲ ಕೊಡುವವರು ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ ಹೆಸರು ಬರೆಸಬೇಕು. ಅದಕ್ಕೆ 30 ದಿನದ ಗಡುವು. ಸಾಲಕ್ಕೆ ಒತ್ತೆ ಇಟ್ಟುಕೊಳ್ಳುವಂತಿಲ್ಲ. ವಸೂಲಿಯ ಹೆಸರಿನಲ್ಲಿ ಬೆದರಿಕೆ, ಹಿಂಸೆ, ಅವಮಾನ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಬಂದರೆ ಪೊಲೀಸರು "ಇವತ್ತ ಹೋಗಿ ನಾಳೆ ಬಾ" ಅನ್ನುವಂತಿಲ್ಲ, ಬರೆದುಕೊಳ್ಳಲೇಬೇಕು. ನೋಂದಣಿ ಇಲ್ಲದ, ಪರವಾನಗಿ ಇಲ್ಲದ ಸಾಲಗಾರ ಸಂಸ್ಥೆಗಳು ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ ಲೆಕ್ಕ.

ಬಸ್ ನಿಲ್ದಾಣಕ್ಕೆ ಬಂದು ಮುಟ್ಟಿದ್ದು ಈ ಕೊನೆಯ ಸಾಲು ಮಾತ್ರ. ಅದೂ "ನೋಂದಣಿ ಇಲ್ಲದ" ಎಂಬ ಮಾತನ್ನು ದಾರಿಯಲ್ಲೇ ಬೀಳಿಸಿಕೊಂಡು!

ಬಾರದೇ ಉಳಿದ ಇನ್ನೊಂದು ಸಾಲಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳು, ಹಣಕಾಸು ಕಂಪನಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಹಳ್ಳಿಯ ಗುಂಪುಗಳಿಗೆ ವಾರದ ಕಂತಿನ ಸಾಲ ಕೊಡುವ ದೊಡ್ಡ ಕಂಪನಿಗಳು ಬಹುಪಾಲು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲೇ ಇರುವಂಥವು. ಅವುಗಳ ಸಾಲ ಮನ್ನಾ ಆಗಿಲ್ಲ. ಕಂತು ತಪ್ಪಿಸಿದರೆ ಅದು ಸಾಲದ ದಾಖಲೆಗೆ ಸೇರುತ್ತದೆ. ಮುಂದೆ ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲು ಹೋದಾಗ "ನಿಮ್ಮ ಸಿಬಿಲ್ ಸರಿ ಇಲ್ರೀ" ಎಂಬ ಉತ್ತರ ಸಿದ್ಧವಿರುತ್ತದೆ.

ಹಾಗಂತ ಅಂಥ ಕಂಪನಿಯ ಸಾಲಗಾರರು ಅನಾಥರೂ ಅಲ್ಲ. ಅವರಿಗೆ ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ 14ರ ನಿರ್ದೇಶನವೇ ಗುರಾಣಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಮನೆಗೆ ಒತ್ತೆ ಇಲ್ಲದೆ ಕೊಡುವ ಸಾಲವೇ ಕಿರುಸಾಲ. ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಕೂಡದು. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ.

ಅಂದ ಮೇಲೆ ಒಬ್ಬ ಹೆಣ್ಣುಮಗಳು ಮೊದಲು ತಿಳಿಯಬೇಕಾದ್ದು ತನ್ನ ಸಾಲದ ಕಾರ್ಡಿನ ಮೇಲಿರುವ ಸಂಸ್ಥೆ ಯಾವ ಪಟ್ಟಿಯದ್ದು ಎಂಬುದನ್ನು. ಒಂದು ಪಟ್ಟಿಯದ್ದಾದರೆ ರಾಜ್ಯದ ಕಾನೂನು, ಇನ್ನೊಂದರದ್ದಾದರೆ ರಿಸರ್ವ್ ಬ್ಯಾಂಕಿನ ನಿಯಮ. ಎರಡು ಸಾಲು ಓದಿದ್ದರೆ ತಿಳಿಯುತ್ತಿತ್ತು. ಓದಿಸುವವರು ಬೇಕಲ್ಲ!

ಡಂಗುರದಿಂದ ಮೊಬೈಲಿಗೆ

ಸಾಲದ ಕಾನೂನು ಈ ನಾಡಿಗೆ ಹೊಸತೇನಲ್ಲ. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ ಹಳಬರಿಗೆ ನೆನಪಿದ್ದೀತು. 2018ರಲ್ಲಿ ಮತ್ತೊಂದು ಋಣ ಪರಿಹಾರ ಕಾಯ್ದೆ ಬಂತು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ.

ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಅರಸೊತ್ತಿಗೆಯ ಕಾಲದಲ್ಲಿ ಹುಕುಂ ತಿಳಿಯುತ್ತಿದ್ದದ್ದು ಡಂಗುರದಿಂದ. ಆಮೇಲೆ ಧಾರವಾಡ ಆಕಾಶವಾಣಿ, ದಿನಪತ್ರಿಕೆ. ಗ್ಯಾಜೆಟ್ ನೋಡಬೇಕೆಂದರೆ ತಾಲೂಕು ಕಚೇರಿಯಲ್ಲಿ ಗುಮಾಸ್ತರ ಮರ್ಜಿ ಕಾಯಬೇಕು. "ಸಾಹೇಬ್ರು ಇಲ್ರೀ, ಕಪಾಟಿನ ಕೀಲಿ ಅವ್ರ ಕಡೆ ಐತಿ!" ಕಾನೂನು ಗೊತ್ತಿಲ್ಲ ಎಂಬ ನೆಪವನ್ನು ಕೋರ್ಟು ಆಗಲೂ ಕೇಳುತ್ತಿರಲಿಲ್ಲ, ಈಗಲೂ ಕೇಳುವುದಿಲ್ಲ. ವ್ಯತ್ಯಾಸ ಇಷ್ಟೇ: ಆಗ ನೋಡಲು ಸಿಗುತ್ತಿರಲಿಲ್ಲ. ಈಗ ಸಿಕ್ಕರೂ ನೋಡುವವರಿಲ್ಲ.

ಬೋರ್ಡಿನ ಮೇಲೆ ಶೇಕಡಾ 60

ಅಂಗಡಿಕಾರರ ಪಾಲಿಗೆ ಇಂಥದೇ ಇನ್ನೊಂದು ಪಾಠ 2024ರಲ್ಲಿ ಬಂತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಗದ್ದಲ. ಫೆಬ್ರವರಿ 28ರ ಗಡುವಿನ ಮಾತೂ ಬಂತು. ಶಿಗ್ಗಾಂವ, ಸವಣೂರಿನ ಅಂಗಡಿಗಳ ಬೋರ್ಡುಗಳಲ್ಲಿ ಕನ್ನಡಕ್ಕೇನೂ ಬರವಿಲ್ಲ. ಆದರೂ ಮೊಬೈಲ್ ಅಂಗಡಿ, ಬೇಕರಿ, ಬಟ್ಟೆ ಅಂಗಡಿಯವರಿಗೆ ಚಿಂತೆ ತಪ್ಪಲಿಲ್ಲ: "ಬೋರ್ಡ್ ಬದಲಾಸ್ಬೇಕೋ, ಬ್ಯಾಡೋ? ಪೇಂಟರ್‌ಗೆ ಇವತ್ತ ಹೇಳ್ಬೇಕೋ, ತಡೀಬೇಕೋ?"

ಆಗ ನಡೆದದ್ದು ಇಷ್ಟು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022 ಮೊದಲೇ ಇತ್ತು. ಅದರಲ್ಲಿ ಫಲಕದ ಮೇಲಿನ ಅರ್ಧ ಕನ್ನಡಕ್ಕೆ ಎಂದಿತ್ತು. ಅದನ್ನು ಶೇಕಡಾ 60 ಮಾಡಲು 2024ರ ಜನವರಿ 5ರಂದು ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು. ಜನವರಿ ಕೊನೆಗೆ ರಾಜ್ಯಪಾಲರು ಅದನ್ನು ವಾಪಸು ಕಳಿಸಿದರು. ಫೆಬ್ರವರಿ 12ಕ್ಕೆ ಅಧಿವೇಶನ ಇದೆಯಲ್ಲ, ಸದನದಲ್ಲೇ ಪಾಸು ಮಾಡಿಸಿಕೊಳ್ಳಿ ಎಂಬುದು ಅವರ ಸೂಚನೆ. ಸರಕಾರ ತಿದ್ದುಪಡಿ ಮಸೂದೆ ತಂದು ಅದೇ ಫೆಬ್ರವರಿಯಲ್ಲಿ ಪಾಸು ಮಾಡಿಸಿತು.

ಜನವರಿಯಲ್ಲಿ ಕೇಳಿದವರಿಗೆ "ಕಾನೂನು ಆಗಿದೆ" ಎಂದು ಹೇಳಿದವರೂ ಇದ್ದರು, "ರಾಜ್ಯಪಾಲರು ರದ್ದು ಮಾಡಿದರು" ಎಂದು ಹೇಳಿದವರೂ ಇದ್ದರು. ಎರಡೂ ತಪ್ಪು. ಆಗಿರಲೂ ಇಲ್ಲ, ರದ್ದಾಗಲೂ ಇಲ್ಲ. ಅದು ಇನ್ನೂ ಮೆಟ್ಟಿಲ ಮೇಲೆ ನಿಂತಿತ್ತು.

ಮೆಟ್ಟಿಲು ಯಾವುವು?

ಮೊದಲ ಮೆಟ್ಟಿಲು ಸಂಪುಟದ ಒಪ್ಪಿಗೆ. ಇದು ಸಂಬಂಧ ನೋಡಲು ಹೋದಂತೆ, ಮದುವೆ ಅಲ್ಲ. ಎರಡನೆಯದು ಮಸೂದೆ ಮಂಡನೆ. ಸರಕಾರಿ ಕನ್ನಡದಲ್ಲಿ ಇದಕ್ಕೆ ವಿಧೇಯಕ ಎಂದು ಹೆಸರು. ಮೂರನೆಯದು ಚರ್ಚೆ ಮತ್ತು ಮತ. 224 ಸದಸ್ಯರ ವಿಧಾನಸಭೆ, ಆಮೇಲೆ 75 ಸದಸ್ಯರ ವಿಧಾನ ಪರಿಷತ್ತು, ಎರಡೂ ದಾಟಬೇಕು. ನಾಲ್ಕನೆಯದು ರಾಜ್ಯಪಾಲರ ಅಂಕಿತ. ಅವರು ಒಪ್ಪಬಹುದು, ವಾಪಸು ಕಳಿಸಬಹುದು, ರಾಷ್ಟ್ರಪತಿಗಳಿಗೆ ದಾಟಿಸಲೂಬಹುದು. ಐದನೆಯದು ರಾಜ್ಯಪತ್ರ. ಅಲ್ಲಿ ಅಚ್ಚಾದ ಮೇಲೆ ಅದರ ಹೆಸರು ಅಧಿನಿಯಮ. ಪೇಟೆಯ ಮಾತಿನಲ್ಲಿ ಕಾಯ್ದೆ.

ಆರನೆಯದೊಂದಿದೆ, ಅದನ್ನು ಮರೆಯುವವರೇ ಬಹಳ. ಕಾಯ್ದೆ ಯಾವತ್ತಿನಿಂದ ಜಾರಿ? ಕೆಲವು ಅಚ್ಚಾದ ದಿನದಿಂದಲೇ ಜಾರಿ. ಕೆಲವು "ಸರಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ". ಆ ದಿನಾಂಕ ಬರುವ ತನಕ ಕಾಯ್ದೆ ಕಪಾಟಿನಲ್ಲಿ ನಿದ್ದೆ ಮಾಡುತ್ತಿರುತ್ತದೆ.

ಪರಿಷತ್ತಿನಲ್ಲಿ ಬಿದ್ದರೆ ಮಸೂದೆ ಸತ್ತಂತೆ ಎಂದು ತಿಳಿದವರೂ ಇದ್ದಾರೆ. ಹಾಗಿಲ್ಲ. 2024ರ ಫೆಬ್ರವರಿ 23ರಂದು ಮುಜರಾಯಿ ದೇವಸ್ಥಾನಗಳ ತಿದ್ದುಪಡಿ ಮಸೂದೆಗೆ ಪರಿಷತ್ತಿನಲ್ಲಿ ಸೋಲಾಯಿತು. ಒಂದು ವಾರ ಕಳೆಯುವುದರೊಳಗೆ ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು. ಪರಿಷತ್ತಿಗೆ ತಡೆಯುವ ಶಕ್ತಿ ಉಂಟು, ಕೊಲ್ಲುವ ಶಕ್ತಿ ಇಲ್ಲ.

ಎರಡನೇ ಮೆಟ್ಟಿಲೂ ಹತ್ತದ ಮಸೂದೆ

ಇನ್ನು ಮೊದಲ ಮೆಟ್ಟಿಲಿನಲ್ಲೇ ಮುಗ್ಗರಿಸಿದ ಕಥೆ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ಕೊಡುವ ಮಸೂದೆಗೆ 2024ರ ಜುಲೈ 15ರಂದು ಸಂಪುಟ ಒಪ್ಪಿತು. ಹಿರೇಕೆರೂರಿನಿಂದ ಹಾನಗಲ್‌ವರೆಗೆ ಓದಿ ಮನೆಯಲ್ಲಿ ಕೂತ ಹುಡುಗರಿಗೆಲ್ಲ ಖುಷಿಯೋ ಖುಷಿ. "ನಮ್ಗ ಕೆಲಸ ಗ್ಯಾರಂಟಿ ಆತಲೇ!" ಎಂದು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಜುಲೈ 17ರಂದು ಸರಕಾರವೇ ಅದನ್ನು ತಡೆಹಿಡಿಯಿತು. ಎರಡು ದಿನದ ಕಾನೂನು! ಅಲ್ಲ, ಕಾನೂನೇ ಅಲ್ಲ. ಅದು ಆಗ ಸದನದಲ್ಲಿ ಮಂಡನೆಯನ್ನೇ ಕಾಣಲಿಲ್ಲ. ಅಂದು ವಿಧಾನಸಭೆಯ ಕಾರ್ಯಕಲಾಪಗಳ ಪಟ್ಟಿ ನೋಡಿದ್ದರೆ ಇದು ಒಂದೇ ನಿಮಿಷಕ್ಕೆ ತಿಳಿಯುತ್ತಿತ್ತು.

ಬಸ್ಸಿನ ಟಿಕೆಟ್ಟು ಯಾವ ಲೆಕ್ಕ?

ಬಸ್ ಪ್ರಯಾಣಿಕರ ಕಡೆ ಬರೋಣ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು. ಇದನ್ನು ಕಾನೂನು ಎಂದೇ ಬಹಳ ಮಂದಿ ಕರೆಯುತ್ತಾರೆ. ಆದರೆ ಇದು ಸರಕಾರದ ಆದೇಶ, ಸದನದಲ್ಲಿ ಮತಕ್ಕೆ ಹಾಕಿದ ಮಸೂದೆ ಅಲ್ಲ. ಇದಕ್ಕೆ ಬೇಕಾದ ಹಣಕ್ಕೆ ಮಾತ್ರ ವರ್ಷವರ್ಷ ಬಜೆಟ್ಟಿನಲ್ಲಿ ಸದನದ ಒಪ್ಪಿಗೆ.

ಗಂಡಸರ ಟಿಕೆಟ್ಟಿನ ಕಥೆಯೂ ಅಷ್ಟೇ. 2025ರ ಜನವರಿ 5ರಿಂದ ದರ ಶೇಕಡಾ 15 ಏರಿತು. ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಯೂ ಸೇರಿ ನಾಲ್ಕೂ ನಿಗಮಗಳ ಬಸ್ಸಿಗೆ ಇದು ಅನ್ವಯಿಸಿತು. ಇದೂ ಸಂಪುಟದ ತೀರ್ಮಾನ, ಮಸೂದೆ ಅಲ್ಲ.

"ಯಾವ್ದಾದ್ರ ನಮಗೇನ್ರಿ, ಕಿಸೆದಾಗಿನ ರೊಕ್ಕ ಅಷ್ಟ!" ಎನ್ನಬಹುದು. ಆದರೆ ವ್ಯತ್ಯಾಸ ಸಣ್ಣದಲ್ಲ. ಆದೇಶವನ್ನು ಮುಂದಿನ ಸರಕಾರ ಇನ್ನೊಂದು ಆದೇಶದಿಂದ ಬದಲಿಸಬಹುದು. ಕಾಯ್ದೆ ಬದಲಿಸಬೇಕಾದರೆ ಮತ್ತೆ ಸದನಕ್ಕೇ ಬರಬೇಕು. ಅಲ್ಲಿ ಕ್ಷೇತ್ರದ ಶಾಸಕರು ಕೈ ಎತ್ತಬೇಕು. ಆಗ ಅವರನ್ನು ಹಿಡಿದು ಕೇಳುವುದಕ್ಕೆ ಮತದಾರರಿಗೊಂದು ಹಿಡಿಕೆ ಇರುತ್ತದೆ.

ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ನಿಂತಿರುವ ಜಾನಪದ ವಿಶ್ವವಿದ್ಯಾಲಯವನ್ನೇ ನೋಡಿ. ಅದು ನಿಂತದ್ದು 2011ರ ಕಾಯ್ದೆಯ ಮೇಲೆ. ಬೆಂಗಳೂರಿನಲ್ಲಿ ಬರೆದ ಕಾಗದ ಹೆದ್ದಾರಿ ಪಕ್ಕದಲ್ಲಿ ಕಟ್ಟಡವಾಗಿ ಎದ್ದಿದೆ. ಕಾಯ್ದೆ ಎಂದರೆ ಬರಿ ಕಾಗದ ಎನ್ನುವವರು ಆ ಕಡೆ ಬಸ್ಸಿನಲ್ಲಿ ಒಮ್ಮೆ ಹೋಗಿಬರುವುದು ಒಳ್ಳೆಯದು.

ಮೂರು ಬಾಗಿಲು

ಹಾಗಾದರೆ ಸಾಮಾನ್ಯ ಮನುಷ್ಯ ನೋಡುವುದೆಲ್ಲಿ? ಮೊಬೈಲಿನಲ್ಲಿ ಮೂರು ಬಾಗಿಲುಗಳಿವೆ. ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಮೊದಲ ಬಾಗಿಲು ಕರ್ನಾಟಕ ವಿಧಾನಮಂಡಲದ ಜಾಲತಾಣ. ವಿಧಾನಸಭೆಗೆ ಒಂದು ಪುಟ, ಪರಿಷತ್ತಿಗೆ ಒಂದು ಪುಟ. ಆಯಾ ದಿನದ ಕಾರ್ಯಕಲಾಪಗಳ ಪಟ್ಟಿ, ಮಂಡನೆಯಾದ ವಿಧೇಯಕಗಳು, ಶಾಸಕರ ಪ್ರಶ್ನೆಗಳು, ಮಂತ್ರಿಗಳ ಉತ್ತರಗಳು ಅಲ್ಲಿ ಸಿಗುತ್ತವೆ. ಸದನದ ಕಲಾಪ ಯೂಟ್ಯೂಬಿನಲ್ಲೂ ನೇರ ಬರುತ್ತದೆ. 2019ರ ಅಕ್ಟೋಬರಿನಲ್ಲಿ ಖಾಸಗಿ ಟಿ.ವಿ. ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಟ್ಟ ಮೇಲೆ ಈ ಅಧಿಕೃತ ಪ್ರಸಾರಕ್ಕೆ ಬೆಲೆ ಹೆಚ್ಚಾಗಿದೆ.

ಎರಡನೇ ಬಾಗಿಲು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ. ಹೆಸರು ಉದ್ದ, ಕೆಲಸ ನೇರ. ಕಾಯ್ದೆಗಳು, ಸುಗ್ರೀವಾಜ್ಞೆಗಳು ಇಲ್ಲಿರುತ್ತವೆ. ಸುಗ್ರೀವಾಜ್ಞೆಗೆ ಇಲ್ಲಿ ಅಧ್ಯಾದೇಶ ಎಂಬ ಹೆಸರಿರುವುದು ನೆನಪಿರಲಿ. ಇಲ್ಲದಿದ್ದರೆ ಹುಡುಕಿ ಹುಡುಕಿ ಸುಸ್ತಾದೀತು.

ಮೂರನೆಯದು ಇ-ರಾಜ್ಯಪತ್ರ. ಇದೇ ಹಳೆಯ ಗ್ಯಾಜೆಟ್. ಕೀಲಿ ಹುಡುಕುವ ಗುಮಾಸ್ತರಿಲ್ಲ, ದಿನಾಂಕ ಹಾಕಿ ಹುಡುಕಬಹುದು. ಯಾವುದೇ ವಾದಕ್ಕೆ ಕೊನೆಯ ಮಾತು ಇದರದ್ದೇ. ಇಲ್ಲಿ ಅಚ್ಚಾಗಿದ್ದರೆ ಕಾನೂನು, ಅಚ್ಚಾಗಿಲ್ಲದಿದ್ದರೆ ಸುದ್ದಿ.

ಇವಲ್ಲದೆ ದಿಲ್ಲಿಯ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ 2005ರಿಂದ ಶಾಸನಗಳ ಲೆಕ್ಕ ಇಟ್ಟಿದೆ. ರಾಜ್ಯಗಳ ಮಸೂದೆಗಳನ್ನೂ ಅದರ ಜಾಲತಾಣದಲ್ಲಿ ನೋಡಬಹುದು. ಇಂಗ್ಲಿಷ್ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಕೂಡಿಸಿಕೊಂಡು ನೋಡಿಸಬೇಕು.

ಓದುವ ಕ್ರಮ

ಮಸೂದೆ ತೆರೆದ ಕೂಡಲೇ ಹೆದರಿಕೆ ಬರುವುದು ಸಹಜ. "ಮಾಡತಕ್ಕದ್ದು", "ಒಳಪಟ್ಟು", "ಪರಂತುಕ" ಎಂಬ ಸರಕಾರಿ ಕನ್ನಡ ನೋಡಿ ಮೊಬೈಲ್ ಕಿಸೆಗೆ ಹೋಗುತ್ತದೆ. ಅದಕ್ಕೊಂದು ಉಪಾಯ ಇದೆ. ಮಸೂದೆಯನ್ನು ಹಿಂದಿನಿಂದ ಓದಬೇಕು. ಕೊನೆಯಲ್ಲಿ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ" ಎಂದಿರುತ್ತದೆ. ಈ ಮಸೂದೆ ಯಾಕೆ ಬೇಕಾಯಿತು ಎಂಬುದನ್ನು ಅಲ್ಲಿ ಒಂದು ಪುಟದೊಳಗೆ ಬರೆದಿರುತ್ತಾರೆ.

ಆಮೇಲೆ ಮೊದಲ ಪುಟ. ಅಲ್ಲಿ ಹೆಸರು ಮತ್ತು ಜಾರಿಯ ದಿನ. ಮುಂದೆ ಪರಿಭಾಷೆಗಳು, ಅಂದರೆ ಈ ಕಾಯ್ದೆಯಲ್ಲಿ "ಸಾಲಗಾರ" ಎಂದರೆ ಯಾರು, "ಸಾಲ" ಎಂದರೆ ಯಾವುದು. ಆಮೇಲೆ ಯಾರಿಗೆ ಅನ್ವಯಿಸುವುದಿಲ್ಲ ಎಂಬ ಪ್ರಕರಣ. ಕಡೆಗೆ ದಂಡದ ಪ್ರಕರಣ. ಅಂಗಡಿಕಾರರಿಗೆ, ಕಂತು ಕಟ್ಟುವವರಿಗೆ ಈ ನಾಲ್ಕು ಸಾಕು. ಉಳಿದದ್ದನ್ನು ವಕೀಲರು ಓದಿಕೊಂಡಾರು.

ಪರಂತುಕ ಎಂಬ ಶಬ್ದ ಕಂಡಲ್ಲಿ ಮಾತ್ರ ಬಸ್ಸು ನಿಲ್ಲಿಸಲೇಬೇಕು. "ಆದರೆ" ಎಂಬುದರ ಸರಕಾರಿ ಹೆಸರು ಅದು. ಮೇಲಿನ ಸಾಲಿನಲ್ಲಿ ಕೊಟ್ಟದ್ದನ್ನು ಕೆಳಗಿನ ಸಾಲಿನಲ್ಲಿ ಕಸಿದುಕೊಳ್ಳುವ ಕೆಲಸ ಬಹಳ ಸಲ ಅಲ್ಲೇ ನಡೆಯುತ್ತದೆ.

ಬಾಗಿಲಿದೆ, ಹೊಸ್ತಿಲು ಎತ್ತರ

ಎಲ್ಲವೂ ಸುಲಭ ಎಂದರೆ ಸುಳ್ಳು ಹೇಳಿದಂತೆ. ಕೆಲವು ಕಾಗದ ಫೋಟೋ ತೆಗೆದಂತೆ ಸ್ಕ್ಯಾನ್ ಮಾಡಿ ಹಾಕಿದ್ದು. ಶಬ್ದ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಸಣ್ಣ ಮೊಬೈಲಿನ ಪರದೆಯಲ್ಲಿ ಓದುವ ಹೊತ್ತಿಗೆ ಕಣ್ಣು ಉರಿಯುತ್ತದೆ. ಹಳ್ಳಿ ದಾರಿಯಲ್ಲಿ ಬಸ್ಸು ಇಳಿಜಾರು ಇಳಿದರೆ ನೆಟ್‌ವರ್ಕೂ ಇಳಿಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಸದನದ ಅವಸರ. ಸಾಮಾನ್ಯ ಮನುಷ್ಯ ಮಸೂದೆ ಹುಡುಕಿ, ಓದಿ, ಶಾಸಕರಿಗೆ ಫೋನ್ ಮಾಡುವುದರೊಳಗೆ ಅದು ಪಾಸಾಗಿಯೇ ಹೋಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ! 2025ರ ಮಾರ್ಚ್ 21ರಂದು, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾದ ಮಸೂದೆಗಳಲ್ಲಿ ಒಂದು ಶಾಸಕರ ಸಂಬಳದ್ದು. 40 ಸಾವಿರ ರೂಪಾಯಿ ಇದ್ದ ಸಂಬಳಕ್ಕೆ 80 ಸಾವಿರ. ಮುಖ್ಯಮಂತ್ರಿಗೆ 75 ಸಾವಿರದಿಂದ ಒಂದೂವರೆ ಲಕ್ಷ. ಅದೇ ದಿನ 18 ಮಂದಿ ಶಾಸಕರ ಅಮಾನತೂ ಆಯಿತು. ಜಗಳ ಜಗಳದ ಕಡೆ, ಸಂಬಳ ಸಂಬಳದ ಕಡೆ!

ನಾಲ್ಕು ಊರು, ಮೂವರು ಶಾಸಕರು

ಹಾನಗಲ್, ಶಿಗ್ಗಾಂವ, ಹಿರೇಕೆರೂರು ಮೂರೂ ವಿಧಾನಸಭಾ ಕ್ಷೇತ್ರಗಳು. ಸವಣೂರು ಪಟ್ಟಣದ ಮತ ಬೀಳುವುದು ಶಿಗ್ಗಾಂವ ಕ್ಷೇತ್ರಕ್ಕೆ. ಈ ಮೂರೂ ಕ್ಷೇತ್ರಗಳು ಐದು ವರ್ಷದೊಳಗೆ ಒಂದೊಂದು ಉಪಚುನಾವಣೆ ಕಂಡವು: ಹಿರೇಕೆರೂರು 2019ರ ಡಿಸೆಂಬರಿನಲ್ಲಿ, ಹಾನಗಲ್ 2021ರ ಅಕ್ಟೋಬರಿನಲ್ಲಿ, ಶಿಗ್ಗಾಂವ 2024ರ ನವೆಂಬರಿನಲ್ಲಿ. ಮಂತ್ರಿಗಳ ಕಾರುಗಳ ಸಾಲು, ಧ್ವನಿವರ್ಧಕದ ಭಾಷಣ, ಹಾರ ತುರಾಯಿ, ಎಲ್ಲವನ್ನೂ ಇಲ್ಲಿನ ಜನ ಬೇಕಾದಷ್ಟು ನೋಡಿದ್ದಾರೆ. ಗೆದ್ದು ಹೋದವರು ಸದನದಲ್ಲಿ ಏನು ಮಾತಾಡಿದರು ಎಂದು ನೋಡಿದವರೆಷ್ಟು?

ಅದನ್ನೂ ನೋಡಬಹುದು. ಶಾಸಕರು ಕೇಳಿದ ಪ್ರಶ್ನೆಗಳು, ಮಂತ್ರಿಗಳು ಕೊಟ್ಟ ಉತ್ತರಗಳು ವಿಧಾನಮಂಡಲದ ಪುಟದಲ್ಲಿ ಕನ್ನಡದಲ್ಲೇ ಇರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ತನ್ನ ಊರಿನ ರಸ್ತೆ, ಆಸ್ಪತ್ರೆ, ಬೆಳೆ ವಿಮೆ ಬಗ್ಗೆ ಶಾಸಕರು ಬಾಯಿ ಬಿಟ್ಟರೋ ಇಲ್ಲವೋ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಚುನಾವಣೆ ಭಾಷಣ ಗಾಳಿಗೆ ಹೋಗುತ್ತದೆ. ಸದನದ ದಾಖಲೆ ಹಾಗೆ ಹೋಗುವುದಿಲ್ಲ.

ಮೊಬೈಲ್ ಬೇಡ, ಕಣ್ಣಾರೆ ನೋಡಬೇಕು ಎನ್ನುವವರಿಗೂ ದಾರಿ ಇದೆ. ಬೆಂಗಳೂರಿನ ವಿಧಾನಸೌಧ ಮುನ್ನೂರು ಕಿಲೋಮೀಟರಿಗೂ ದೂರ. ಆದರೆ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧ ಈ ನಾಲ್ಕೂ ಊರಿಗೆ ಹತ್ತಿರ. ಚಳಿಗಾಲದ ಅಧಿವೇಶನ ಅಲ್ಲಿ ಕೂತಾಗ ಶಾಸಕರ ಕಡೆಯಿಂದ ಪಾಸು ಮಾಡಿಸಿಕೊಂಡು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂಡಬಹುದು. ಕ್ಷೇತ್ರದ ಜನ ಮೇಲೆ ಕೂತಿದ್ದಾರೆ ಎಂದು ಗೊತ್ತಾದರೆ ಕೆಳಗೆ ತೂಕಡಿಸುವವರೂ ಎದ್ದು ಕೂತಾರು.

ಯಾರು ಓದಿ ಹೇಳಬೇಕು?

ಎಲ್ಲರೂ ರಾಜ್ಯಪತ್ರ ಓದಬೇಕೆಂದರೆ ಆಗದ ಮಾತು. ಹೊಲದಿಂದ ಬಂದು ಒಲೆ ಹಚ್ಚುವ ಹೆಣ್ಣುಮಗಳಿಗೆ ಅಷ್ಟು ಪುರುಸೊತ್ತು ಎಲ್ಲಿ? ಆದರೆ ಊರಿಗೊಬ್ಬರು ಓದಿದರೂ ಸಾಕು. ಸ್ವಸಹಾಯ ಗುಂಪಿನಲ್ಲಿ ಓದು ಬಲ್ಲ ಒಬ್ಬ ಹುಡುಗಿ, ಪೇಟೆಯ ವರ್ತಕರ ಸಂಘದಲ್ಲಿ ಒಬ್ಬ ಕಾರ್ಯದರ್ಶಿ, ಝೆರಾಕ್ಸ್ ಅಂಗಡಿಯ ಒಬ್ಬ ಹುಡುಗ. ಕಾಯ್ದೆಯ ಮುಖ್ಯ ಪುಟ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ಖರ್ಚು ಒಂದು ಚಹಾದಷ್ಟು. ಹಳ್ಳಿಯ ಗ್ರಂಥಾಲಯದಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಅಂಥ ಒಂದು ಹಾಳೆ ತೂಗಿದ್ದರೆ 2025ರ ಫೆಬ್ರವರಿಯಲ್ಲಿ ಎಷ್ಟು ಮನೆಗಳ ಗೊಂದಲ ತಪ್ಪುತ್ತಿತ್ತು!

ಮುಂದೆಯೂ ಬೇಸಿಗೆಗೊಂದು, ಮಳೆಗಾಲಕ್ಕೊಂದು ಅಧಿವೇಶನ ನಡೆಯುತ್ತವೆ. ಮಸೂದೆಗಳು ಬರುತ್ತವೆ. ಬಸ್ ನಿಲ್ದಾಣದಲ್ಲಿ "ಕಾನೂನು ಬಂತಂತ್ರೀ!" ಎಂಬ ಮಾತೂ ಏಳುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಮೂರೇ. ಯಾವ ಮೆಟ್ಟಿಲ ಮೇಲಿದೆ? ರಾಜ್ಯಪತ್ರದಲ್ಲಿ ಬಂದಿದೆಯೇ? ಯಾರಿಗೆ ಅನ್ವಯಿಸುವುದಿಲ್ಲ?

"ಮೊಬೈಲ್‌ನ್ಯಾಗ ಬಂದೈತಿ ಯಕ್ಕಾ" ಎಂದವಳಿಗೆ ಆ ಯಕ್ಕ ಹೇಳಬೇಕಾದ್ದು ಇಷ್ಟೇ: "ಬಂದಿದ್ರ ಛಲೋನ ಆತು. ಗ್ಯಾಜೆಟ್‌ನ್ಯಾಗ ತೋರಿಸು. ಅಲ್ಲೀತನಕ ಈ ವಾರದ ಕಂತು ಕಟ್ಟೂಣು. ಬಾಗಿಲಿಗೆ ಬಂದು ಬೈದ್ರ ಮಾತ್ರ ಪೊಲೀಸ್ ಠಾಣೆಗೆ ಹೋಗೂದ ಸೈ."